ಕಲ್ನಾರು (ಆಸ್ಬೆಸ್ಟಾಸ್) ಧೂಳಿನ ಸಂಪರ್ಕ ಮತ್ತು ಅದರಿಂದ ಉಂಟಾಗುವ ಕ್ಯಾನ್ಸರ್: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕಲ್ನಾರು ಅಥವಾ ಆಸ್ಬೆಸ್ಟಾಸ್ ಧೂಳನ್ನು ಉಸಿರಾಡಿದ ವ್ಯಕ್ತಿಗೆ ಅಂದೇ ಯಾವ ತೊಂದರೆಯೂ ಕಾಣುವುದಿಲ್ಲ. ಕೆಮ್ಮು ಬರಬೇಕೆಂದಿಲ್ಲ, ಕಣ್ಣುರಿ ಆಗಬೇಕೆಂದಿಲ್ಲ. ಆದರೆ 15, 20, ಕೆಲವೊಮ್ಮೆ 40 ವರ್ಷಗಳ ನಂತರ ಅದೇ ಧೂಳಿನ ಕಾರಣದಿಂದ ಶ್ವಾಸಕೋಶದ ತೀವ್ರ ಕಾಯಿಲೆ ಅಥವಾ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಅಷ್ಟು ಹೊತ್ತಿಗೆ ಕಾರ್ಮಿಕರು ನಿವೃತ್ತರಾಗಿರುತ್ತಾರೆ, ಊರು ಬದಲಾಗಿರುತ್ತದೆ, ಕಾರ್ಖಾನೆ ಮುಚ್ಚಿರಲೂಬಹುದು. ಕಾಯಿಲೆಗೂ ಹಿಂದಿನ ಕೆಲಸಕ್ಕೂ ಇರುವ ಸಂಬಂಧ ವೈದ್ಯರಿಗೂ ತಿಳಿಯದೆ, ಕುಟುಂಬಕ್ಕೂ ಹೊಳೆಯದೆ ಹೋಗುವುದುಂಟು.

ಈ ಕಾರಣದಿಂದ ಕಲ್ನಾರಿನೊಂದಿಗೆ ಕೆಲಸ ಮಾಡಿದವರು ಹಾಗೂ ಅವರ ಕುಟುಂಬದವರು ಎರಡು ವಿಷಯಗಳನ್ನು ನೆನಪಿನಲ್ಲಿಡುವುದು ಅವಶ್ಯ. ಒಂದು, ತಾವು ಎಲ್ಲಿ, ಯಾವ ಕೆಲಸವನ್ನು, ಎಷ್ಟು ವರ್ಷ ಮಾಡಿದ್ದೆವೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು. ಎರಡು, ಆ ಕೆಲಸದ ದಾಖಲೆಗಳನ್ನು ಜೀವನಪರ್ಯಂತ ಜೋಪಾನವಾಗಿ ಇರಿಸಿಕೊಳ್ಳುವುದು. ಚಿಕಿತ್ಸೆ, ಸೌಲಭ್ಯ ಮತ್ತು ಪರಿಹಾರ ಬಹುಮಟ್ಟಿಗೆ ಈ ಎರಡನ್ನೇ ಅವಲಂಬಿಸಿವೆ. ಕಾಯಿಲೆಯ ಸ್ವರೂಪ, ಮುನ್ನೆಚ್ಚರಿಕೆ, ಕಾನೂನಿನ ರಕ್ಷಣೆ ಮತ್ತು ಅರ್ಜಿ ಸಲ್ಲಿಸುವ ಕ್ರಮವನ್ನು ಅರ್ಜಿದಾರರ ಅನುಕೂಲಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

2. ಕಲ್ನಾರು ಎಂದರೇನು?

ಹೆಸರೇ ಸೂಚಿಸುವಂತೆ ಕಲ್ನಾರು ನಾರಿನಂತೆ ಬಿಡಿಸಬಹುದಾದ ಕಲ್ಲು. ಇದು ಗಣಿಯಿಂದ ತೆಗೆಯುವ ಸಹಜ ಖನಿಜ. ಬಿಳಿ (ಕ್ರೈಸೊಟೈಲ್), ನೀಲಿ (ಕ್ರೋಸಿಡೊಲೈಟ್), ಕಂದು (ಅಮೊಸೈಟ್) ಮತ್ತು ಇತರ ಮೂರು, ಹೀಗೆ ಒಟ್ಟು ಆರು ಖನಿಜಗಳನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಬೆಂಕಿಗೆ ಉರಿಯದಿರುವುದು, ಶಾಖ ಮತ್ತು ವಿದ್ಯುತ್ತನ್ನು ತಡೆಯುವುದು, ಆಮ್ಲಕ್ಕೆ ಸುಲಭವಾಗಿ ಹಾಳಾಗದಿರುವುದು ಮತ್ತು ಕಡಿಮೆ ಬೆಲೆಗೆ ದೊರೆಯುವುದು, ಈ ಗುಣಗಳಿಂದಾಗಿ 20ನೆಯ ಶತಮಾನದಲ್ಲಿ ಇದನ್ನು ಅಪಾರವಾಗಿ ಬಳಸಲಾಯಿತು.

ಭಾರತದಲ್ಲಿ ಕಲ್ನಾರಿನ ಹೊಸ ಗಣಿ ಗುತ್ತಿಗೆ ನೀಡುವುದನ್ನು 1986ರಲ್ಲಿ, ಹಳೆಯ ಗುತ್ತಿಗೆಗಳ ನವೀಕರಣವನ್ನು 1993ರಲ್ಲಿ ನಿಲ್ಲಿಸಲಾಯಿತು. ಆದರೆ ಬಿಳಿ ಕಲ್ನಾರನ್ನು ವಿದೇಶಗಳಿಂದ ಆಮದು ಮಾಡಿಕೊಂಡು ಉತ್ಪನ್ನಗಳನ್ನು ತಯಾರಿಸಲು ಅವಕಾಶವಿದೆ. ಅವುಗಳಲ್ಲಿ ಮುಖ್ಯವಾದದ್ದು ಮನೆ, ಕೊಟ್ಟಿಗೆ, ಗೋದಾಮು, ರೇಷ್ಮೆಹುಳು ಸಾಕಣೆ ಮನೆಗಳ ಚಾವಣಿಗೆ ಬಳಸುವ ಸಿಮೆಂಟ್ ಶೀಟು. ಇಂತಹ ಶೀಟಿನಲ್ಲಿ ಕಲ್ನಾರಿನ ಪ್ರಮಾಣ ಸಾಮಾನ್ಯವಾಗಿ ಶೇ. 10ರ ಆಸುಪಾಸಿನಲ್ಲಿದ್ದು, ಉಳಿದದ್ದು ಸಿಮೆಂಟ್, ಹಾರುಬೂದಿ ಮುಂತಾದವು. ಜಗತ್ತಿನ 50ಕ್ಕೂ ಹೆಚ್ಚು ದೇಶಗಳು ಕಲ್ನಾರಿನ ಬಳಕೆಯನ್ನು ನಿಷೇಧಿಸಿವೆ.

3. ಧೂಳಿನ ಸಂಪರ್ಕ ಯಾರಿಗೆ ಉಂಟಾಗಬಹುದು?

(ಅ) ಕೆಲಸದ ಸ್ಥಳದಲ್ಲಿ ನೇರ ಸಂಪರ್ಕ

- ಕಲ್ನಾರು ಗಣಿಗಳಲ್ಲಿ, ಸಿಮೆಂಟ್ ಶೀಟು ಹಾಗೂ ಕೊಳವೆ ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು. ವಿಶೇಷವಾಗಿ ಚೀಲ ಬಿಚ್ಚುವ, ನಾರು ಬೆರೆಸುವ, ಶೀಟು ಕತ್ತರಿಸುವ ಮತ್ತು ಕಸ ಗುಡಿಸುವ ವಿಭಾಗದವರು.
- ಕಲ್ನಾರಿನ ಹಗ್ಗ, ಬಟ್ಟೆ, ಗ್ಯಾಸ್ಕೆಟ್, ಬ್ರೇಕ್ ಲೈನರ್ ಮತ್ತು ಕ್ಲಚ್ ಪ್ಲೇಟ್ ತಯಾರಿಕೆಯಲ್ಲಿ ತೊಡಗಿದ್ದವರು.
- ಸಕ್ಕರೆ ಕಾರ್ಖಾನೆ, ಬಟ್ಟೆ ಗಿರಣಿ, ಕಾಗದದ ಕಾರ್ಖಾನೆ ಹಾಗೂ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಬಾಯ್ಲರ್ ಮತ್ತು ಹಬೆ ಕೊಳವೆಗಳ ಹಳೆಯ ಶಾಖನಿರೋಧಕ ಹೊದಿಕೆಯನ್ನು ಹಾಕಿದವರು, ಬಿಚ್ಚಿದವರು.
- ಶೀಟು ಜೋಡಿಸುವ ಮೇಸ್ತ್ರಿಗಳು, ಬಡಗಿಗಳು, ವಿದ್ಯುತ್ ಕೆಲಸಗಾರರು, ಹಳೆಯ ಕಟ್ಟಡ ಕೆಡವುವವರು.
- ಬ್ರೇಕ್ ಡ್ರಮ್‌ನ ಧೂಳನ್ನು ಗಾಳಿಯ ಒತ್ತಡದಿಂದ ಊದಿ ತೆಗೆಯುವ ಗ್ಯಾರೇಜ್ ಕೆಲಸಗಾರರು.
- ಹಳೆಯ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವರು, ಹಡಗು ಒಡೆಯುವ ಕೆಲಸಕ್ಕೆ ಹೋಗಿದ್ದವರು.

(ಆ) ಮನೆಯವರಿಗೆ ಉಂಟಾಗುವ ಸಂಪರ್ಕ

ಕಾರ್ಮಿಕರ ಬಟ್ಟೆ, ತಲೆಗೂದಲು ಮತ್ತು ಚಪ್ಪಲಿಗೆ ಅಂಟಿದ ಧೂಳು ಮನೆಗೂ ಬರುತ್ತದೆ. ಆ ಬಟ್ಟೆಯನ್ನು ಕೊಡವಿ ಒಗೆಯುವ ಪತ್ನಿ ಅಥವಾ ತಾಯಿ, ಮನೆಗೆ ಬಂದ ಕೂಡಲೆ ಮಡಿಲೇರುವ ಮಕ್ಕಳು ಅದನ್ನು ಉಸಿರಾಡುತ್ತಾರೆ. ಲಂಡನ್ನಿನಲ್ಲಿ ನಡೆದು 1965ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾರ್ಖಾನೆಯ ಒಳಗೆ ಎಂದೂ ಕಾಲಿಡದೆ ಮನೆಯಲ್ಲಿ ಬಟ್ಟೆ ಒಗೆದ ಮಹಿಳೆಯರಲ್ಲಿ ಹಾಗೂ ಕಾರ್ಖಾನೆಯ ಅರ್ಧ ಮೈಲಿಯೊಳಗೆ ವಾಸವಿದ್ದವರಲ್ಲಿಯೂ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಉಂಟಾದುದನ್ನು ದಾಖಲಿಸಿತು.

(ಇ) ಪರಿಸರದ ಮೂಲಕ ಸಂಪರ್ಕ

ಮುಚ್ಚಿದ ಗಣಿಗಳ ತ್ಯಾಜ್ಯದ ರಾಶಿ, ಕಾರ್ಖಾನೆಯ ಹೊರಗೆ ಸುರಿದ ಚೂರು ಮತ್ತು ಪುಡಿ, ಒಡೆದ ಶೀಟುಗಳಿಂದ ತುಂಬಿದ ಅಂಗಳ ಹಾಗೂ ರಸ್ತೆ ಇಂತಹ ಸಂಪರ್ಕಕ್ಕೆ ಕಾರಣವಾಗುತ್ತವೆ. ಜಾರ್ಖಂಡ್ ರಾಜ್ಯದ ಚಾಯಿಬಾಸಾ ಬಳಿಯ ರೋರೋ ಬೆಟ್ಟದ ಗಣಿ 1983ರಲ್ಲಿ ಮುಚ್ಚಿದರೂ ಅಲ್ಲಿನ ತ್ಯಾಜ್ಯ ದಶಕಗಳ ಕಾಲ ಬಯಲಿನಲ್ಲೇ ಉಳಿದಿರುವುದು ಇದಕ್ಕೆ ನಿದರ್ಶನ.

4. ಧೂಳು ದೇಹದಲ್ಲಿ ಏನು ಮಾಡುತ್ತದೆ?

ಕಲ್ನಾರನ್ನು ಕತ್ತರಿಸಿದಾಗ ಅಥವಾ ಉಜ್ಜಿದಾಗ ಅದು ಉದ್ದುದ್ದವಾಗಿ ಸೀಳಿ ಅತಿ ಸೂಕ್ಷ್ಮ ಎಳೆಗಳಾಗುತ್ತದೆ. ಕಾರ್ಖಾನೆಯ ಗಾಳಿಯ ಪರೀಕ್ಷೆಯಲ್ಲಿ ಎಣಿಸುವ ಎಳೆಗಳು 5 ಮೈಕ್ರೋಮೀಟರಿಗಿಂತ ಉದ್ದವಾಗಿಯೂ 3 ಮೈಕ್ರೋಮೀಟರಿಗಿಂತ ತೆಳ್ಳಗೂ ಇರುತ್ತವೆ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇವು ಬರಿಗಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ.

ಉಸಿರಿನೊಂದಿಗೆ ಒಳಹೊಕ್ಕ ಎಳೆಗಳು ಶ್ವಾಸಕೋಶದ ಆಳವನ್ನು ತಲುಪುತ್ತವೆ. ದೇಹದ ರಕ್ಷಕ ಕಣಗಳು ಸಾಮಾನ್ಯ ಧೂಳನ್ನು ನುಂಗಿ ಹೊರಹಾಕುವಂತೆ ಉದ್ದನೆಯ ಎಳೆಗಳನ್ನು ಹೊರಹಾಕಲಾರವು. ಎಳೆಯು ಕರಗದೆ ಅಲ್ಲಿಯೇ ಉಳಿದು ವರ್ಷಾನುಗಟ್ಟಲೆ ಉರಿಯೂತವನ್ನು ಉಂಟುಮಾಡುತ್ತದೆ. ಕ್ರಮೇಣ ಅಂಗಾಂಶ ಗಡುಸಾಗುತ್ತದೆ, ಜೀವಕೋಶಗಳ ವಂಶವಾಹಿಗಳಿಗೆ ಹಾನಿಯಾಗುತ್ತದೆ. ಕಾಯಿಲೆ ಕಾಣಿಸಿಕೊಳ್ಳಲು ದಶಕಗಳು ಹಿಡಿಯುವುದು ಈ ಕಾರಣದಿಂದಲೇ.

5. ಕಲ್ನಾರಿನಿಂದ ಬರುವ ಕಾಯಿಲೆಗಳು

(1) ಆಸ್ಬೆಸ್ಟೋಸಿಸ್: ಶ್ವಾಸಕೋಶವು ಗಾಯದ ಕಲೆಯಂತೆ ಗಡುಸಾಗಿ, ಉಸಿರಾಟದ ಸಾಮರ್ಥ್ಯ ಕುಗ್ಗುವ ಕಾಯಿಲೆ. ಇದು ಕ್ಯಾನ್ಸರ್ ಅಲ್ಲ, ಆದರೆ ಗುಣವಾಗದ ಕಾಯಿಲೆ. ಸಾಮಾನ್ಯವಾಗಿ ಅನೇಕ ವರ್ಷ ಹೆಚ್ಚು ಧೂಳಿನಲ್ಲಿ ಕೆಲಸ ಮಾಡಿದವರಲ್ಲಿ ಕಂಡುಬರುತ್ತದೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಲ್ನಾರು ಕಾರ್ಖಾನೆಯ ಕಾರ್ಮಿಕ ಮಹಿಳೆ ನೆಲ್ಲಿ ಕರ್ಷಾ ತಮ್ಮ 33ನೆಯ ವಯಸ್ಸಿನಲ್ಲಿ, 1924ರಲ್ಲಿ ಈ ಕಾಯಿಲೆಯಿಂದ ಮೃತಪಟ್ಟಿದ್ದು ವೈದ್ಯಕೀಯ ಸಾಹಿತ್ಯದಲ್ಲಿ ವಿವರವಾಗಿ ದಾಖಲಾದ ಮೊದಲ ಪ್ರಕರಣಗಳಲ್ಲೊಂದು.

(2) ಶ್ವಾಸಕೋಶದ ಹೊರಪೊರೆಯ ಗಡುಸುತನ: ಪೊರೆಯ ಮೇಲೆ ಸುಣ್ಣಗಟ್ಟಿದ ತೇಪೆಗಳು ಎಕ್ಸ್‌ರೇಯಲ್ಲಿ ಕಾಣುತ್ತವೆ. ಇದರಿಂದ ಹೆಚ್ಚಿನ ತೊಂದರೆ ಇಲ್ಲದಿದ್ದರೂ, ಹಿಂದೆ ಕಲ್ನಾರಿನ ಸಂಪರ್ಕ ಇತ್ತೆಂಬುದಕ್ಕೆ ಇದು ಮಹತ್ವದ ಸಾಕ್ಷ್ಯ.

(3) ಶ್ವಾಸಕೋಶದ ಕ್ಯಾನ್ಸರ್: ಸಂಪರ್ಕದ 15 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದ ನಂತರ ಕಾಣಿಸಿಕೊಳ್ಳುತ್ತದೆ. ಧೂಮಪಾನವೂ ಸೇರಿದಲ್ಲಿ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಅಮೆರಿಕದ ಶಾಖನಿರೋಧಕ ಹೊದಿಕೆ ಕಾರ್ಮಿಕರ ಬಗ್ಗೆ 1979ರಲ್ಲಿ ಪ್ರಕಟವಾದ ಅಧ್ಯಯನದಂತೆ, ಎರಡೂ ಇಲ್ಲದವರಿಗೆ ಹೋಲಿಸಿದಾಗ ಈ ಕ್ಯಾನ್ಸರಿನಿಂದ ಸಾಯುವ ಸಂಭವ ಕಲ್ನಾರಿನ ಸಂಪರ್ಕ ಮಾತ್ರ ಇದ್ದವರಲ್ಲಿ ಸುಮಾರು 5 ಪಟ್ಟು, ಧೂಮಪಾನ ಮಾತ್ರ ಇದ್ದವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಹೆಚ್ಚು ಇತ್ತು.

(4) ಮೀಸೋಥೀಲಿಯೋಮಾ: ಶ್ವಾಸಕೋಶದ ಹೊರಪೊರೆ ಅಥವಾ ಉದರದ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್. ಇದು ವಿರಳವಾದ ಕಾಯಿಲೆ, ಇದರ ಪ್ರಧಾನ ಕಾರಣ ಕಲ್ನಾರು. ದಕ್ಷಿಣ ಆಫ್ರಿಕದ ನೀಲಿ ಕಲ್ನಾರು ಗಣಿ ಪ್ರದೇಶದ ರೋಗಿಗಳನ್ನು ಕುರಿತು 1960ರಲ್ಲಿ ವಾಗ್ನರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಲೇಖನದಿಂದ ಈ ಸಂಬಂಧ ಜಗತ್ತಿಗೆ ಸ್ಪಷ್ಟವಾಯಿತು. ಸಂಪರ್ಕದ ನಂತರ 20ರಿಂದ 50 ವರ್ಷಗಳ ಅಂತರದಲ್ಲಿ ಕಾಣಿಸಿಕೊಳ್ಳುತ್ತದೆ. ಧೂಮಪಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಕಡಿಮೆ ಅವಧಿಯ ಸಂಪರ್ಕದಿಂದಲೂ ಬರಬಹುದು.

(5) ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರ್: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇವನ್ನೂ ಕಲ್ನಾರಿನಿಂದ ಬರುವ ಕ್ಯಾನ್ಸರುಗಳೆಂದು ದೃಢಪಡಿಸಿದೆ. ಬಿಳಿ ಕಲ್ನಾರು ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂಬುದು ಸದರಿ ಸಂಸ್ಥೆಯ ನಿರ್ಣಯ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಕೆಲಸದ ಸ್ಥಳದ ಕಲ್ನಾರಿನ ಸಂಪರ್ಕದಿಂದ ಜಗತ್ತಿನಲ್ಲಿ ಪ್ರತಿವರ್ಷ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ.

6. ರೋಗಲಕ್ಷಣಗಳು ಮತ್ತು ತಪಾಸಣೆ

ಹಿಂದೆ ಕಲ್ನಾರಿನ ಧೂಳಿನಲ್ಲಿ ಕೆಲಸ ಮಾಡಿದವರಿಗೆ ಅಥವಾ ಅವರೊಂದಿಗೆ ವಾಸವಿದ್ದವರಿಗೆ ಕೆಳಕಂಡ ಲಕ್ಷಣಗಳಿದ್ದಲ್ಲಿ ವೈದ್ಯರನ್ನು ಕಾಣತಕ್ಕದ್ದು:

- ಮೆಟ್ಟಿಲು ಹತ್ತುವಾಗ, ಕ್ರಮೇಣ ನಡೆಯುವಾಗಲೂ ಏದುಸಿರು
- ವಾಸಿಯಾಗದ ಒಣಕೆಮ್ಮು, ಕಫದಲ್ಲಿ ರಕ್ತ
- ಎದೆಯ ಅಥವಾ ಪಕ್ಕೆಯ ಒಂದು ಭಾಗದಲ್ಲಿ ನಿರಂತರ ನೋವು
- ಎದೆಯಲ್ಲಿ ಅಥವಾ ಹೊಟ್ಟೆಯಲ್ಲಿ ನೀರು ತುಂಬುವುದು
- ಧ್ವನಿ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು

ಈ ಲಕ್ಷಣಗಳಲ್ಲಿ ಹಲವು ಕ್ಷಯರೋಗದಲ್ಲಿಯೂ ಇರುತ್ತವೆ. ಎದೆಯಲ್ಲಿ ನೀರು ತುಂಬಿದವರಿಗೆ ಕ್ಷಯವೆಂದು ಭಾವಿಸಿ ಚಿಕಿತ್ಸೆ ಆರಂಭಿಸುವ ಸಾಧ್ಯತೆ ಇರುತ್ತದೆ. ಚಿಕಿತ್ಸೆಯಿಂದ ಗುಣ ಕಾಣದಿದ್ದಲ್ಲಿ ಅಥವಾ ನೀರು ಮತ್ತೆ ಮತ್ತೆ ತುಂಬಿದಲ್ಲಿ ಹೆಚ್ಚಿನ ಪರೀಕ್ಷೆಯನ್ನು ಕೋರಬೇಕು. ವೈದ್ಯರು ಕೇಳದಿದ್ದರೂ "ನಾನು ಇಂತಹ ವರ್ಷದಿಂದ ಇಂತಹ ವರ್ಷದವರೆಗೆ ಕಲ್ನಾರಿನ ಕೆಲಸ ಮಾಡಿದ್ದೇನೆ" ಎಂದು ತಿಳಿಸಿ, ಅದನ್ನು ಹೊರರೋಗಿ ಚೀಟಿಯಲ್ಲಿ ಬರೆಯುವಂತೆ ವಿನಂತಿಸಬೇಕು. ಆ ಒಂದು ಸಾಲು ಮುಂದೆ ಬಹಳ ಉಪಯುಕ್ತವಾಗುತ್ತದೆ.

ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ, ಹೆಚ್ಚು ಸ್ಪಷ್ಟತೆಯ ಸಿ.ಟಿ. ಸ್ಕ್ಯಾನ್ ಮತ್ತು ಉಸಿರಾಟದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಸೇರಿವೆ. ಮೀಸೋಥೀಲಿಯೋಮಾ ಖಚಿತಪಡಿಸಲು ಪೊರೆಯ ಸಣ್ಣ ತುಣುಕನ್ನು ತೆಗೆದು ವಿಶೇಷ ವಿಧಾನದಿಂದ ಪರೀಕ್ಷಿಸುವ ಬಯಾಪ್ಸಿ ಅವಶ್ಯ. ಎದೆಯ ನೀರಿನ ಪರೀಕ್ಷೆ ಒಂದರಿಂದಲೇ ಅನೇಕ ಬಾರಿ ನಿರ್ಣಯ ದೊರೆಯುವುದಿಲ್ಲ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಹಾಗೂ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂತಹ ಸರ್ಕಾರಿ ಸಂಸ್ಥೆಗಳಲ್ಲಿ ಈ ರೋಗಗಳ ತಜ್ಞರು ಲಭ್ಯವಿರುತ್ತಾರೆ. ಉದ್ಯೋಗಜನ್ಯ ರೋಗಗಳ ಸಂಶೋಧನೆಗಾಗಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ, ಅದರ ದಕ್ಷಿಣ ವಲಯದ ಕೇಂದ್ರವು ದೇವನಹಳ್ಳಿ ಬಳಿಯೂ ಇವೆ.

7. ಚಿಕಿತ್ಸೆ

ದೇಹದೊಳಗೆ ಸೇರಿದ ಎಳೆಗಳನ್ನು ಹೊರತೆಗೆಯುವ ಔಷಧವಿಲ್ಲ. ಆಸ್ಬೆಸ್ಟೋಸಿಸ್ ಕಾಯಿಲೆಗೆ ಆಮ್ಲಜನಕ, ಉಸಿರಾಟದ ವ್ಯಾಯಾಮ, ಸೋಂಕು ತಡೆಯುವ ಲಸಿಕೆಗಳಿಂದ ಉಪಶಮನ ದೊರೆಯುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಆರಂಭದಲ್ಲಿಯೇ ಪತ್ತೆಯಾದಲ್ಲಿ ಶಸ್ತ್ರಚಿಕಿತ್ಸೆ ಸಾಧ್ಯ. ಮೀಸೋಥೀಲಿಯೋಮಾಗೆ ಪೆಮೆಟ್ರೆಕ್ಸೆಡ್ ಮತ್ತು ಪ್ಲಾಟಿನಂ ಆಧಾರಿತ ಔಷಧಗಳು, ಆಯ್ದ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆ ಹಾಗೂ ಇತ್ತೀಚಿನ ವರ್ಷಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಬಳಸುವ ಔಷಧಗಳು ಬಳಕೆಯಲ್ಲಿವೆ. ಇವುಗಳಿಂದ ಆಯುಷ್ಯ ಕೆಲಮಟ್ಟಿಗೆ ಹೆಚ್ಚುತ್ತದೆ, ನೋವು ಕಡಿಮೆಯಾಗುತ್ತದೆ. ಆದರೆ ಬಹುತೇಕ ರೋಗಿಗಳಿಗೆ ರೋಗನಿರ್ಣಯದ ನಂತರ ಉಳಿಯುವ ಕಾಲ ಹೆಚ್ಚಿಲ್ಲ. ಆದುದರಿಂದ ಚಿಕಿತ್ಸೆ ನಡೆಯುತ್ತಿರುವಾಗಲೇ, ರೋಗಿಯು ತಮ್ಮ ಕೆಲಸದ ವಿವರವನ್ನು ತಾವೇ ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ, ಅರ್ಜಿಯ ಕಾರ್ಯವನ್ನೂ ಆರಂಭಿಸುವುದು ಸೂಕ್ತ.

8. ಕಾನೂನಿನ ರಕ್ಷಣೆ

(ಅ) ಸರ್ವೋಚ್ಚ ನ್ಯಾಯಾಲಯದ 1995ರ ತೀರ್ಪು

ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ಕಲ್ನಾರು ಕಾರ್ಮಿಕರ ಪರವಾಗಿ 1986ರಲ್ಲಿ ರಿಟ್ ಅರ್ಜಿಯನ್ನು ಸಲ್ಲಿಸಿತ್ತು. ದಿನಾಂಕ 27-1-1995ರಂದು ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾರ್ಮಿಕರ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ಘೋಷಿಸಿ, ಕಲ್ನಾರು ಉದ್ದಿಮೆಗಳಿಗೆ ನಿರ್ದೇಶನಗಳನ್ನು ನೀಡಿತು. ಅವುಗಳಲ್ಲಿ ಮುಖ್ಯವಾದವು:

- ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ, ಅಥವಾ ನಿವೃತ್ತಿ ಇಲ್ಲವೆ ಕೆಲಸ ಬಿಟ್ಟ ನಂತರ 15 ವರ್ಷ, ಇವುಗಳಲ್ಲಿ ಯಾವುದು ನಂತರದ್ದೋ ಅಲ್ಲಿಯವರೆಗೆ ಕಾಯ್ದಿರಿಸುವುದು.
- ಗಾಳಿಯಲ್ಲಿನ ಎಳೆಗಳನ್ನು ಪತ್ತೆಹಚ್ಚಲು ಮೆಂಬ್ರೇನ್ ಫಿಲ್ಟರ್ ಪರೀಕ್ಷೆಯನ್ನು ಅಳವಡಿಸಿಕೊಳ್ಳುವುದು.
- ವಿಮಾ ಕಾಯ್ದೆಯ ವ್ಯಾಪ್ತಿಗೆ ಬಂದರೂ ಬಾರದಿದ್ದರೂ ಪ್ರತಿ ಕಾರ್ಮಿಕರಿಗೆ ಆರೋಗ್ಯ ವಿಮೆಯ ರಕ್ಷಣೆ ಒದಗಿಸುವುದು.

ಕಲ್ನಾರಿನ ನಿಷೇಧವನ್ನು ಕೋರಿದ ಮತ್ತೊಂದು ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ವಜಾಗೊಳಿಸಿತಾದರೂ, 1995ರ ನಿರ್ದೇಶನಗಳು ಪಾಲನೆಯಾಗಬೇಕೆಂದು ಪುನರುಚ್ಚರಿಸಿತು.

(ಆ) ಕಾರ್ಮಿಕ ಸಂಹಿತೆಗಳು

1948ರ ಕಾರ್ಖಾನೆಗಳ ಕಾಯ್ದೆ, 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಮತ್ತು 1923ರ ನೌಕರರ ಪರಿಹಾರ ಕಾಯ್ದೆಗಳ ವಿಷಯಗಳು ದಿನಾಂಕ 21-11-2025ರಿಂದ ಜಾರಿಗೆ ಬಂದಿರುವ ಸಂಹಿತೆಗಳಲ್ಲಿ ಅಡಕವಾಗಿವೆ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020ರ ಮೂರನೆಯ ಅನುಸೂಚಿಯಲ್ಲಿ ಆಸ್ಬೆಸ್ಟೋಸಿಸ್ ಮತ್ತು ಉದ್ಯೋಗಜನ್ಯ ಕ್ಯಾನ್ಸರ್ ಎರಡೂ ಅಧಿಸೂಚಿತ ರೋಗಗಳಾಗಿವೆ. ಇಂತಹ ರೋಗಿಯನ್ನು ಪರೀಕ್ಷಿಸಿದ ಅರ್ಹ ವೈದ್ಯರು, ರೋಗಿಯು ಈಗ ಕೆಲಸದಲ್ಲಿದ್ದರೂ ಹಿಂದೆ ಕೆಲಸದಲ್ಲಿದ್ದವರಾದರೂ, ವಿಳಂಬವಿಲ್ಲದೆ ಮುಖ್ಯ ನಿರೀಕ್ಷಕ ಹಾಗೂ ಸೌಕರ್ಯಕಾರರಿಗೆ ಲಿಖಿತ ವರದಿ ಕಳುಹಿಸುವುದು ಕಡ್ಡಾಯ.

ಸಾಮಾಜಿಕ ಭದ್ರತಾ ಸಂಹಿತೆ, 2020ರ ಮೂರನೆಯ ಅನುಸೂಚಿಯಲ್ಲಿ ಕಲ್ನಾರಿನಿಂದ ಉಂಟಾಗುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮಾ ಭಾಗ 'ಬಿ'ಯಲ್ಲಿ, ಆಸ್ಬೆಸ್ಟೋಸಿಸ್ ಭಾಗ 'ಸಿ'ಯಲ್ಲಿ ಸೇರಿವೆ. ಭಾಗ 'ಬಿ'ಯ ರೋಗಕ್ಕೆ ಪರಿಹಾರ ಕೋರಲು ಒಬ್ಬ ಉದ್ಯೋಗದಾತರ ಬಳಿ ಆ ಬಗೆಯ ಕೆಲಸದಲ್ಲಿ ನಿರಂತರವಾಗಿ 6 ತಿಂಗಳಿಗೆ ಕಡಿಮೆಯಿಲ್ಲದ ಸೇವೆ ಇರಬೇಕು. ಕೆಲಸ ಬಿಟ್ಟ ನಂತರ ರೋಗ ಕಾಣಿಸಿಕೊಂಡರೂ, ಅದು ಆ ಕೆಲಸದಿಂದಲೇ ಬಂದದ್ದೆಂದು ಸಾಬೀತಾದಲ್ಲಿ ಪರಿಹಾರಕ್ಕೆ ಅವಕಾಶವಿದೆ. ಗುತ್ತಿಗೆದಾರರ ಮೂಲಕ ದುಡಿದವರ ವಿಷಯದಲ್ಲಿ ಪ್ರಧಾನ ಉದ್ಯೋಗದಾತರ ಮೇಲೂ ಹೊಣೆಗಾರಿಕೆ ಇರುತ್ತದೆ.

9. ದಾಖಲೆಗಳ ಅವಧಿ: ಒಂದು ಲೆಕ್ಕ

ಸರ್ವೋಚ್ಚ ನ್ಯಾಯಾಲಯ ನಿಗದಿಪಡಿಸಿದ ಅವಧಿಯನ್ನು ಎರಡು ಕಾಲ್ಪನಿಕ ಉದಾಹರಣೆಗಳಿಂದ ತಿಳಿಯಬಹುದು.

ಉದಾಹರಣೆ 1: ಕಾರ್ಮಿಕರೊಬ್ಬರು 1990ರಲ್ಲಿ ಸೇರಿ 2018ರಲ್ಲಿ ನಿವೃತ್ತರಾದರು. ಸೇರಿದ ದಿನದಿಂದ 40 ವರ್ಷ ಎಂದರೆ 2030. ನಿವೃತ್ತಿಯಿಂದ 15 ವರ್ಷ ಎಂದರೆ 2033. ಉದ್ಯೋಗದಾತರು 2033ರವರೆಗೆ ದಾಖಲೆಯನ್ನು ಇರಿಸತಕ್ಕದ್ದು.

ಉದಾಹರಣೆ 2: ಇನ್ನೊಬ್ಬರು 1982ರಲ್ಲಿ ಸೇರಿ 1991ರಲ್ಲಿ ಕೆಲಸ ಬಿಟ್ಟರು. 40 ವರ್ಷದ ಲೆಕ್ಕದಲ್ಲಿ 2022, 15 ವರ್ಷದ ಲೆಕ್ಕದಲ್ಲಿ 2006. ದಾಖಲೆ ಇರಿಸುವ ಅವಧಿ 2022ಕ್ಕೆ ಮುಗಿಯಿತು. ಅವರಿಗೆ ಮೀಸೋಥೀಲಿಯೋಮಾ ಕಂಡುಬಂದದ್ದು 2025ರಲ್ಲಿ, ಅಂದರೆ ಸಂಪರ್ಕ ಆರಂಭವಾಗಿ 43 ವರ್ಷಗಳ ನಂತರ.

ಎರಡನೆಯ ಉದಾಹರಣೆಯಲ್ಲಿ ಕಾರ್ಖಾನೆಯು ನಿಯಮವನ್ನು ಪೂರ್ಣವಾಗಿ ಪಾಲಿಸಿದ್ದರೂ ರೋಗ ಬಂದಾಗ ದಾಖಲೆ ಸಿಗುವ ಭರವಸೆ ಇಲ್ಲ. ಆದ್ದರಿಂದ ಕಾರ್ಮಿಕರು ಕೆಲಸದಲ್ಲಿರುವಾಗಲೇ ತಮ್ಮ ಆರೋಗ್ಯ ತಪಾಸಣೆಯ ವರದಿಗಳ ಪ್ರತಿಗಳನ್ನು ಲಿಖಿತವಾಗಿ ಕೋರಿ ಪಡೆದುಕೊಳ್ಳಬೇಕು. ಕೆಲಸ ಬಿಟ್ಟವರು ಅವಧಿ ಮುಗಿಯುವ ಮೊದಲೇ ಪ್ರತಿಗಳನ್ನು ಕೇಳಬೇಕು.

10. ಅರ್ಜಿ ಸಲ್ಲಿಸುವ ಕ್ರಮ

(ಅ) ಎಲ್ಲಿ ಸಲ್ಲಿಸಬೇಕು?

- ನೌಕರರ ರಾಜ್ಯ ವಿಮೆಗೆ (ಇ.ಎಸ್.ಐ.) ಒಳಪಟ್ಟಿದ್ದವರು: ತಮ್ಮ ವ್ಯಾಪ್ತಿಯ ಇ.ಎಸ್.ಐ. ಶಾಖಾ ಕಚೇರಿ. ರೋಗವು ಉದ್ಯೋಗಜನ್ಯವೆಂಬುದನ್ನು ಹಾಗೂ ಅಸಾಮರ್ಥ್ಯದ ಪ್ರಮಾಣವನ್ನು ವೈದ್ಯಕೀಯ ಮಂಡಳಿಯು ನಿರ್ಧರಿಸುತ್ತದೆ. ಮರಣ ಸಂಭವಿಸಿದ್ದಲ್ಲಿ ಅವಲಂಬಿತರ ಸೌಲಭ್ಯಕ್ಕೆ ಅರ್ಜಿ ಸಲ್ಲಿಸಬಹುದು.
- ಇ.ಎಸ್.ಐ. ವ್ಯಾಪ್ತಿಗೆ ಬಾರದವರು: ಸಾಮಾಜಿಕ ಭದ್ರತಾ ಸಂಹಿತೆಯಡಿ ನೌಕರರ ಪರಿಹಾರಕ್ಕಾಗಿ ಅಧಿಸೂಚಿಸಲಾದ ಸಕ್ಷಮ ಪ್ರಾಧಿಕಾರ. ಪ್ರಾಧಿಕಾರದ ವಿವರವನ್ನು ಆಯಾ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ಪಡೆಯಬಹುದು. ಒಂದೇ ರೋಗಕ್ಕೆ ಇ.ಎಸ್.ಐ. ಸೌಲಭ್ಯ ಹಾಗೂ ಉದ್ಯೋಗದಾತರಿಂದ ಪರಿಹಾರ ಎರಡನ್ನೂ ಪಡೆಯಲು ಅವಕಾಶವಿಲ್ಲ.
- ನೋಂದಾಯಿತ ಕಟ್ಟಡ ಕಾರ್ಮಿಕರು: ವೈದ್ಯಕೀಯ ಸಹಾಯಧನಕ್ಕಾಗಿ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ.
- ಚಿಕಿತ್ಸಾ ವೆಚ್ಚಕ್ಕಾಗಿ: ಅರ್ಹ ಕುಟುಂಬಗಳು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವು ಪಡೆಯಬಹುದು.
- ಕಾರ್ಖಾನೆಯಲ್ಲಿ ಧೂಳಿನ ನಿಯಂತ್ರಣವಿಲ್ಲದಿರುವ ಅಥವಾ ಆರೋಗ್ಯ ದಾಖಲೆ ನೀಡದಿರುವ ಬಗ್ಗೆ ದೂರು: ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಸಂಬಂಧಿತ ಕಚೇರಿ.

ಪರಿಹಾರದ ಅರ್ಜಿಗಳಿಗೆ ಕಾಲಮಿತಿ ಇರುತ್ತದೆ. ವಿಳಂಬಕ್ಕೆ ಸಮರ್ಪಕ ಕಾರಣವಿದ್ದಲ್ಲಿ ಅದನ್ನು ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕೆ ಇದೆ. ಆದರೂ ರೋಗನಿರ್ಣಯವಾದ ಕೂಡಲೇ ಅರ್ಜಿ ಸಲ್ಲಿಸುವುದು ಕ್ಷೇಮ.

(ಆ) ಸಂಗ್ರಹಿಸಿಕೊಳ್ಳಬೇಕಾದ ದಾಖಲೆಗಳು

1. ನೇಮಕಾತಿ ಪತ್ರ, ಸೇವಾ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ
2. ವೇತನ ಚೀಟಿಗಳು, ಇ.ಎಸ್.ಐ. ವಿಮಾ ಸಂಖ್ಯೆ, ಭವಿಷ್ಯ ನಿಧಿ ಖಾತೆಯ ಸಂಖ್ಯೆ ಮತ್ತು ಪಾಸ್‌ಬುಕ್
3. ಕೆಲಸ ಮಾಡಿದ ವಿಭಾಗ, ಯಂತ್ರ ಮತ್ತು ಅವಧಿಯನ್ನು ವಿವರಿಸುವ ಸ್ವಂತ ಹೇಳಿಕೆ
4. ಅದೇ ಅವಧಿಯಲ್ಲಿ ಜೊತೆಯಲ್ಲಿ ದುಡಿದ ಇಬ್ಬರು ಸಹೋದ್ಯೋಗಿಗಳ ಪ್ರಮಾಣಪತ್ರ (ಅಫಿಡವಿಟ್)
5. ಕಾರ್ಖಾನೆಯ ಆರೋಗ್ಯ ತಪಾಸಣಾ ವರದಿಗಳು, ಹಳೆಯ ಎಕ್ಸ್‌ರೇ ಫಿಲಂಗಳು
6. ಆಸ್ಪತ್ರೆಯ ಬಿಡುಗಡೆ ಪತ್ರ, ಸಿ.ಟಿ. ಸ್ಕ್ಯಾನ್, ಸ್ಪೈರೋಮೆಟ್ರಿ ಹಾಗೂ ಬಯಾಪ್ಸಿ ವರದಿ
7. ಮರಣ ಪ್ರಕರಣಗಳಲ್ಲಿ ಮರಣ ಪ್ರಮಾಣಪತ್ರ, ಮರಣದ ಕಾರಣದ ವೈದ್ಯಕೀಯ ಪ್ರಮಾಣಪತ್ರ ಮತ್ತು ಅವಲಂಬಿತರ ಸಂಬಂಧ ದೃಢಪಡಿಸುವ ದಾಖಲೆ

ಮರಣದ ಕಾರಣವನ್ನು "ಹೃದಯಸ್ತಂಭನ" ಎಂದಷ್ಟೇ ನಮೂದಿಸಿದ್ದಲ್ಲಿ ಕೆಲಸಕ್ಕೂ ಮರಣಕ್ಕೂ ಸಂಬಂಧ ತೋರಿಸುವುದು ಕಷ್ಟವಾಗುತ್ತದೆ. ಮೂಲ ಕಾಯಿಲೆಯ ಹೆಸರನ್ನು ನಮೂದಿಸುವಂತೆ ಚಿಕಿತ್ಸೆ ನೀಡಿದ ವೈದ್ಯರನ್ನು ಕುಟುಂಬದವರು ವಿನಂತಿಸಬಹುದು.

11. ಮನೆಯ ಚಾವಣಿಯ ಶೀಟುಗಳ ಬಗ್ಗೆ ಎಚ್ಚರಿಕೆ

ಒಡೆಯದೆ, ಸವೆಯದೆ ಇರುವ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಹಿಡಿದಿಡಲ್ಪಟ್ಟಿರುತ್ತವೆ. ಅವು ಹೊರಬರುವುದು ಶೀಟನ್ನು ಕತ್ತರಿಸಿದಾಗ, ಕೊರೆದಾಗ, ಉಜ್ಜಿದಾಗ, ಒಡೆದಾಗ ಅಥವಾ ಅದು ಬಿಸಿಲು ಮಳೆಗೆ ಹಳತಾಗಿ ಮೇಲ್ಮೈ ಉದುರತೊಡಗಿದಾಗ. ಆದುದರಿಂದ:

- ಮಳೆಗಾಲಕ್ಕೆ ಮುನ್ನ ಶೀಟಿನ ಮೇಲಿನ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಬಾರದು.
- ವಿದ್ಯುತ್ ಗರಗಸ ಅಥವಾ ಗ್ರೈಂಡರ್ ಬಳಸಬಾರದು. ಅನಿವಾರ್ಯವಾದಲ್ಲಿ ಶೀಟನ್ನು ಚೆನ್ನಾಗಿ ನೆನೆಸಿ, ಕೈಗರಗಸದಿಂದ ಬಯಲಿನಲ್ಲಿ ಕತ್ತರಿಸಬೇಕು.
- ಹಳೆಯ ಶೀಟನ್ನು ತೆಗೆಯುವಾಗ ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಕೆಳಗಿಳಿಸಬೇಕು. ಮಕ್ಕಳನ್ನು ದೂರವಿಡಬೇಕು.
- ಬಿದ್ದ ಪುಡಿಯನ್ನು ಒಣಗಿದಂತೆಯೇ ಪೊರಕೆಯಿಂದ ಗುಡಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಬೇಕು.
- ಒಡೆದ ಚೂರುಗಳನ್ನು ಅಂಗಳ ಸಮತಟ್ಟು ಮಾಡಲು, ದಾರಿಗೆ ಹಾಸಲು ಬಳಸಬಾರದು, ಕುಟ್ಟಿ ಪುಡಿ ಮಾಡಬಾರದು.
- ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಈ ಎಳೆಗಳು ತಡೆಯಲ್ಪಡುವುದಿಲ್ಲ. ಸೂಕ್ಷ್ಮ ಕಣಗಳನ್ನು ತಡೆಯುವ, ಮುಖಕ್ಕೆ ಬಿಗಿಯಾಗಿ ಕೂಡುವ ಮುಖಗವಸು ಅವಶ್ಯ.

ಶೀಟಿನಲ್ಲಿ ಕಲ್ನಾರು ಇದೆಯೇ ಎಂಬುದನ್ನು ನೋಡಿ ಹೇಳಲಾಗದು. ಐ.ಎಸ್. 459 ಎಂಬ ಮಾನಕ ಸಂಖ್ಯೆ ಮುದ್ರಿತವಾಗಿದ್ದಲ್ಲಿ ಅದು ಕಲ್ನಾರು ಸಿಮೆಂಟ್ ಶೀಟು. ಕಲ್ನಾರು ಇಲ್ಲದ ಸಿಮೆಂಟ್ ಶೀಟುಗಳೂ ಲೋಹದ ಶೀಟುಗಳೂ ಮಾರುಕಟ್ಟೆಯಲ್ಲಿವೆ. ಕಾರ್ಖಾನೆಗಳ ಕಲ್ನಾರು ತ್ಯಾಜ್ಯವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅನುಸೂಚಿಯಲ್ಲಿ ಸೇರಿದ್ದು, ಅದನ್ನು ಬಯಲಿನಲ್ಲಿ ಸುರಿಯುತ್ತಿದ್ದಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ನೀಡಬಹುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶೀಟಿನ ಮನೆಯಲ್ಲಿ ಹಲವು ವರ್ಷಗಳಿಂದ ವಾಸವಿದ್ದೇವೆ. ಕ್ಯಾನ್ಸರ್ ಬರುವುದೇ?
ಉತ್ತರ: ಸುಸ್ಥಿತಿಯಲ್ಲಿರುವ ಶೀಟಿನ ಕೆಳಗೆ ವಾಸಿಸುವುದರಿಂದ ಉಂಟಾಗುವ ಅಪಾಯ, ಶೀಟನ್ನು ದಿನವೂ ಕತ್ತರಿಸುವವರ ಅಪಾಯಕ್ಕಿಂತ ಬಹಳ ಕಡಿಮೆ. ಆದರೆ ಇಷ್ಟು ಧೂಳು ಪೂರ್ಣ ಸುರಕ್ಷಿತ ಎನ್ನುವ ಮಿತಿ ಗುರುತಿಸಲ್ಪಟ್ಟಿಲ್ಲ. ಆದುದರಿಂದ ಗಾಬರಿಯಾಗದೆ, ಮೇಲ್ಕಂಡ ಎಚ್ಚರಿಕೆಗಳನ್ನು ಪಾಲಿಸಿ, ಹಾಳಾದ ಶೀಟುಗಳನ್ನು ಬದಲಾಯಿಸುವುದು ಸೂಕ್ತ.

ಪ್ರಶ್ನೆ: ಕಾರ್ಖಾನೆ ಮುಚ್ಚಿಹೋಗಿದೆ. ಕೆಲಸ ಮಾಡಿದ್ದಕ್ಕೆ ಪುರಾವೆ ಎಲ್ಲಿ ದೊರೆಯುತ್ತದೆ?
ಉತ್ತರ: ವಂತಿಗೆ ಪಾವತಿಯಾಗಿದ್ದಲ್ಲಿ ಇ.ಎಸ್.ಐ. ನಿಗಮ ಮತ್ತು ಭವಿಷ್ಯ ನಿಧಿ ಕಚೇರಿಗಳಲ್ಲಿ ವಿವರ ಕೋರಬಹುದು. ಇವು ಕೇಂದ್ರದ ಸಾರ್ವಜನಿಕ ಪ್ರಾಧಿಕಾರಗಳಾದ್ದರಿಂದ ಮಾಹಿತಿ ಹಕ್ಕು ಕಾಯ್ದೆ, 2005ರಡಿಯೂ ಅರ್ಜಿ ಸಲ್ಲಿಸಬಹುದು. ಕಾರ್ಮಿಕ ಸಂಘದ ಸದಸ್ಯತ್ವ ರಸೀದಿ, ಸಹೋದ್ಯೋಗಿಗಳ ಹೇಳಿಕೆಗಳೂ ನೆರವಾಗುತ್ತವೆ.

ಪ್ರಶ್ನೆ: ಕಾರ್ಮಿಕರಿಗೆ ಬೀಡಿ ಸೇದುವ ಅಭ್ಯಾಸವಿತ್ತು. ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಧೂಮಪಾನವಿತ್ತೆಂಬ ಮಾತ್ರಕ್ಕೆ ಕಲ್ನಾರಿನ ಪಾತ್ರ ಇಲ್ಲವಾಗುವುದಿಲ್ಲ. ಎರಡೂ ಸೇರಿದಾಗ ಅಪಾಯ ಹೆಚ್ಚುತ್ತದೆ ಎಂಬುದನ್ನು ಮೇಲೆ ವಿವರಿಸಲಾಗಿದೆ. ಅಭ್ಯಾಸವನ್ನು ಮರೆಮಾಚದೆ ವೈದ್ಯರಿಗೆ ತಿಳಿಸಬೇಕು. ಈಗಲೂ ಸೇದುತ್ತಿರುವವರು ಬಿಟ್ಟಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ.

ಪ್ರಶ್ನೆ: ಪತಿಯ ಕೆಲಸದ ಬಟ್ಟೆ ಒಗೆದ ಪತ್ನಿಗೆ ರೋಗ ಬಂದಿದೆ. ಪರಿಹಾರವಿದೆಯೇ?
ಉತ್ತರ: ನೌಕರರ ಪರಿಹಾರದ ಉಪಬಂಧಗಳು ನೌಕರರಿಗೆ ಅನ್ವಯಿಸುತ್ತವೆ. ಮನೆಯವರಿಗೆ ಬಂದ ರೋಗವು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಪತಿಯು ವಿಮಾದಾರರಾಗಿದ್ದಲ್ಲಿ ನಿಯಮಾನುಸಾರ ಕುಟುಂಬಕ್ಕೆ ದೊರೆಯುವ ಚಿಕಿತ್ಸೆ ಅಥವಾ ಆರೋಗ್ಯ ಯೋಜನೆಗಳ ನೆರವನ್ನು ಪಡೆಯಬಹುದು. ಸಂಪರ್ಕದ ವಿವರವನ್ನು ವೈದ್ಯರಿಗೆ ತಿಳಿಸುವುದು ಇವರಿಗೂ ಅಷ್ಟೇ ಮುಖ್ಯ.

ಪ್ರಶ್ನೆ: ಈಗ ಯಾವ ತೊಂದರೆಯೂ ಇಲ್ಲ. ಏನು ಮಾಡಬೇಕು?
ಉತ್ತರ: ಕೆಲಸ ಮಾಡಿದ ಸ್ಥಳ, ವಿಭಾಗ, ವರ್ಷಗಳು ಮತ್ತು ಜೊತೆಗಿದ್ದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಸಹಿತ ಸಹಿ ಮಾಡಿ, ಲಭ್ಯವಿರುವ ದಾಖಲೆಗಳೊಂದಿಗೆ ಒಂದೇ ಕಡತದಲ್ಲಿ ಇರಿಸಬೇಕು. ಆ ಕಡತ ಎಲ್ಲಿದೆಯೆಂಬುದನ್ನು ಪತ್ನಿ ಮಕ್ಕಳಿಗೆ ತಿಳಿಸಬೇಕು. ವೈದ್ಯರ ಸಲಹೆಯಂತೆ ನಿಯತವಾಗಿ ಎದೆಯ ತಪಾಸಣೆ ಮಾಡಿಸಿಕೊಳ್ಳಬೇಕು.

13. ಸೂಚನೆ

ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ಇದು ವೈದ್ಯಕೀಯ ಸಲಹೆಗೆ ಅಥವಾ ಮೂಲ ಕಾನೂನಿನ ಪಠ್ಯಕ್ಕೆ ಬದಲಿಯಲ್ಲ. ಅರ್ಜಿಯ ನಮೂನೆ ಮತ್ತು ಕಾಲಮಿತಿಯ ಬಗ್ಗೆ ಸಂಬಂಧಿಸಿದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಮೂಲ ದಾಖಲೆಗಳನ್ನು ಪರಿಶೀಲನೆಗೆ ಮಾತ್ರ ಹಾಜರುಪಡಿಸಿ, ಅರ್ಜಿಯೊಂದಿಗೆ ದೃಢೀಕೃತ ಪ್ರತಿಗಳನ್ನು ಲಗತ್ತಿಸಬೇಕು ಹಾಗೂ ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದುಕೊಳ್ಳಬೇಕು.